ಹಳೆಯ ಕಾರಿನ ಕ್ರೂಸ್ ಕಂಟ್ರೋಲ್ ಕೈಕೊಟ್ಟಾಗ ಅಗ್ಗದ ಓಬಿಡಿ ಅಡಾಪ್ಟರ್ ಎಷ್ಟು ನೆರವಾಗುತ್ತದೆ?

ಆನ್‌ಲೈನ್‌ನಲ್ಲಿ ಐನೂರರಿಂದ ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಓಬಿಡಿ ಅಡಾಪ್ಟರ್‌ಗಳ (ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಮೊಬೈಲ್‌ಗೆ ಕಳಿಸುವ ಪುಟ್ಟ ಸಾಧನಗಳ) ಬಗ್ಗೆ ಮಾರುವವರು ಹೇಳಿಕೊಳ್ಳುವುದು ಬಹಳ. ಕಾರಿನ ಯಾವ ದೋಷವನ್ನಾದರೂ ಮೊಬೈಲ್ ಪರದೆಯ ಮೇಲೆ ತೋರಿಸುತ್ತದೆ ಎಂಬುದರಿಂದ ಹಿಡಿದು, ಇನ್ನು ಗ್ಯಾರೇಜಿನ ಮೆಟ್ಟಿಲು ಹತ್ತುವ ಪ್ರಮೇಯವೇ ಬಾರದು ಎಂಬುದರವರೆಗೆ ಆ ಮಾತುಗಳು ಹರಡಿಕೊಂಡಿವೆ. ಅವೆಲ್ಲವನ್ನೂ ಪರೀಕ್ಷಿಸುವ ಉದ್ದೇಶ ಈ ವಿಮರ್ಶೆಗಿಲ್ಲ. ಹತ್ತು ವರ್ಷ ದಾಟಿದ ಕಾರಿನಲ್ಲಿ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ತುಳಿಯದೆಯೇ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸೌಲಭ್ಯ, ಕೆಲಸ ನಿಲ್ಲಿಸಿದಾಗ ಅದರ ಕಾರಣವನ್ನು ಹುಡುಕಲು ಈ ಉಪಕರಣ ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಅದನ್ನು ನೋಡಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎರರ್ ಕೋಡ್ (ಕಾರು ದಾಖಲಿಸಿಕೊಂಡ ದೋಷದ ಸಂಕೇತ) ಓದುವುದಕ್ಕಾಗಿ ಕೊಳ್ಳುವವರಿಗೆ ಇದು ನಿರಾಸೆ ತರುತ್ತದೆ, ಸ್ವಿಚ್‌ಗಳ ಸ್ಥಿತಿಯನ್ನು ಕಾರು ಹೇಗೆ ಗ್ರಹಿಸುತ್ತಿದೆ ಎಂದು ಕಣ್ಣಾರೆ ನೋಡುವುದಕ್ಕಾಗಿ ಕೊಳ್ಳುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಜೊತೆಗೆ ವಿದ್ಯುತ್ ಸಂಪರ್ಕ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇರಲೇಬೇಕು.

ನಾನು ಇದನ್ನು ಬಳಸಿದ್ದು 2014ರ ಡೀಸೆಲ್ ಸೆಡಾನ್ ಒಂದರಲ್ಲಿ. ಕೈಯಿಂದ ಗೇರ್ ಬದಲಿಸುವ ಗಾಡಿ, ಸ್ಟೇರಿಂಗ್ ಮೇಲೆಯೇ ಕ್ರೂಸ್‌ನ ಗುಂಡಿಗಳಿವೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿಬರುವವರಿಗೆ, ಅದರಲ್ಲೂ ಚಿತ್ರದುರ್ಗ ದಾಟಿ ಹಿರಿಯೂರು, ಸಿರಾ ಕಡೆಗೆ ಸಾಗುವ ನೇರವಾದ ಹೆದ್ದಾರಿಯಲ್ಲಿ, ಕ್ರೂಸ್ ಕಂಟ್ರೋಲ್ ಬರಿಯ ಅಲಂಕಾರದ ಸೌಲಭ್ಯವಲ್ಲ. ಬಲಗಾಲಿನ ಮೀನಖಂಡಕ್ಕೆ ಅದು ಕೊಡುವ ವಿಶ್ರಾಂತಿ ಒಂದು ಕಡೆಯಾದರೆ, ವೇಗದ ಮಿತಿಯನ್ನು ಅರಿವಿಲ್ಲದೆ ಮೀರದಂತೆ ತಡೆಯುವುದು ಇನ್ನೊಂದು ಕಡೆ. ಆದ್ದರಿಂದ ಅದು ನಿಂತುಹೋದಾಗ ಇರಲಿ ಬಿಡು ಎಂದು ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ. ಅದೂ ಅಲ್ಲದೆ ಕ್ರೂಸ್ ನಿಂತದ್ದಕ್ಕೆ ಬ್ರೇಕಿನ ಸ್ವಿಚ್‌ನಲ್ಲೋ ಚಕ್ರದ ಸೆನ್ಸರ್‌ನಲ್ಲೋ ಇರುವ ದೋಷವೇ ಕಾರಣವಾಗಿರಬಹುದು, ಆಗ ಅದನ್ನು ಅಲಕ್ಷಿಸುವುದು ಸುರಕ್ಷತೆಯನ್ನೇ ಅಲಕ್ಷಿಸಿದಂತೆ.

ಉಪಕರಣದ ಗುಣದೋಷಗಳಿಗೆ ಬರುವ ಮೊದಲು ಕ್ರೂಸ್ ಕಂಟ್ರೋಲ್ ಹೇಗೆ ನಿರ್ಧಾರ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಡಾಪ್ಟರ್ ತೋರಿಸುವ ಅಂಕಿಗಳಿಗೆ ಅರ್ಥ ಬರುವುದು ಅದು ತಿಳಿದ ಮೇಲೆಯೇ. ಕಳೆದ ಎರಡು ದಶಕಗಳ ಬಹುಪಾಲು ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಲಾಗಿದೆ ಎಂಬುದನ್ನು ಸೆನ್ಸರ್ ಒಂದು ಇಸಿಯುಗೆ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್‌ಗೆ) ತಿಳಿಸುತ್ತದೆ, ಉಳಿದದ್ದನ್ನು ಇಸಿಯು ನೋಡಿಕೊಳ್ಳುತ್ತದೆ. ಹೀಗಾಗಿ ಇಂತಹ ಕಾರುಗಳಲ್ಲಿ ಕ್ರೂಸ್‌ಗೆಂದು ಪ್ರತ್ಯೇಕ ಯಂತ್ರಭಾಗವೇ ಇರುವುದಿಲ್ಲ, ಇರುವುದು ಇಸಿಯುವಿನೊಳಗಿನ ಪ್ರೋಗ್ರಾಮ್ ಮತ್ತು ಅದಕ್ಕೆ ಸುದ್ದಿ ಮುಟ್ಟಿಸುವ ಕೆಲವು ಸ್ವಿಚ್‌ಗಳು ಮಾತ್ರ. ಚಾಲಕ ಸೆಟ್ ಗುಂಡಿಯನ್ನು ಒತ್ತಿದಾಗ ಇಸಿಯು ಒಂದೊಂದನ್ನೇ ವಿಚಾರಿಸುತ್ತದೆ: ವೇಗ ಕನಿಷ್ಠ ಮಿತಿಗಿಂತ ಮೇಲಿದೆಯೇ (ಬಹಳಷ್ಟು ಕಾರುಗಳಲ್ಲಿ ಇದು ಗಂಟೆಗೆ 30ರಿಂದ 40 ಕಿಲೋಮೀಟರ್‌ನ ಆಸುಪಾಸು), ಬ್ರೇಕ್ ಮೇಲೆ ಕಾಲಿಲ್ಲವಷ್ಟೇ, ಕ್ಲಚ್ ಬಿಟ್ಟಿದೆಯಷ್ಟೇ, ವೇಗದ ಮಾಹಿತಿ ನಂಬುವಂತಿದೆಯೇ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಅಥವಾ ಎಂಜಿನ್ನಿನಲ್ಲಿ ದೋಷವೇನೂ ದಾಖಲಾಗಿಲ್ಲವಷ್ಟೇ. ಇವುಗಳಲ್ಲಿ ಒಂದಕ್ಕೆ ಪ್ರತಿಕೂಲ ಉತ್ತರ ಬಂದರೂ ಇಸಿಯು ವೇಗವನ್ನು ಹಿಡಿದಿಡಲು ಒಪ್ಪುವುದಿಲ್ಲ. ಅನುಮಾನ ಬಂದಾಗ ಸುಮ್ಮನಿರುವುದೇ ಸುರಕ್ಷಿತ ಎಂಬ ತತ್ತ್ವದ ಮೇಲೆ ಅದನ್ನು ಕಟ್ಟಲಾಗಿದೆ. ಅಂದರೆ ಹಳೆಯ ಕಾರಿನಲ್ಲಿ ಕ್ರೂಸ್ ಕೆಟ್ಟಿದೆ ಎಂದು ನಾವು ಹೇಳುವಾಗ ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟಿರುವುದು ಕ್ರೂಸ್ ಅಲ್ಲ. ಅದಕ್ಕೆ ಯಾವುದೋ ಒಂದು ಕಡೆಯಿಂದ ತಪ್ಪು ಸುದ್ದಿ ಹೋಗುತ್ತಿರುತ್ತದೆ.

ಈ ಕಾರಣದಿಂದಲೇ, ಏನನ್ನಾದರೂ ಕೊಳ್ಳುವ ಮೊದಲು ಡ್ಯಾಶ್‌ಬೋರ್ಡ್‌ನ ಸಣ್ಣ ದೀಪಗಳನ್ನು ಸಾವಧಾನವಾಗಿ ಗಮನಿಸಬೇಕು. ಕ್ರೂಸ್‌ನ ಮುಖ್ಯ ಗುಂಡಿಯನ್ನು ಒತ್ತಿದಾಗ ದೀಪವೇ ಬಾರದಿದ್ದರೆ ತೊಂದರೆ ಗುಂಡಿ, ಸ್ಟೇರಿಂಗ್‌ನೊಳಗಿನ ಕ್ಲಾಕ್ ಸ್ಪ್ರಿಂಗ್ (ಗುಂಡಿಗಳಿಗೆ ಸಂಪರ್ಕ ಕೊಡುವ ಸುರುಳಿ ಕೇಬಲ್) ಅಥವಾ ಫ್ಯೂಸ್‌ನ ಕಡೆಗಿದೆ ಎಂದು ಊಹಿಸಬಹುದು. ಮುಖ್ಯ ದೀಪ ಬಂದು, ಸೆಟ್ ಒತ್ತಿದಾಗ ಮಾತ್ರ ವೇಗ ನಿಲ್ಲದಿದ್ದರೆ ಗುಂಡಿಗಳ ದಾರಿ ಬಹುಮಟ್ಟಿಗೆ ಸರಿಯಿದೆ ಎಂದೂ, ಪೆಡಲ್ ಸ್ವಿಚ್ ಅಥವಾ ವೇಗದ ಸೆನ್ಸರ್ ಕಡೆ ನೋಡಬೇಕು ಎಂದೂ ಅರ್ಥ. ವೇಗ ನಿಂತು, ರಸ್ತೆಯ ಕುಲುಕಾಟಕ್ಕೆ ಮತ್ತೆ ಮತ್ತೆ ಬಿಟ್ಟುಹೋಗುತ್ತಿದ್ದರೆ ಹೊಂದಾಣಿಕೆ ತಪ್ಪಿದ ಬ್ರೇಕ್ ಸ್ವಿಚ್ ಅಥವಾ ಸಡಿಲವಾದ ಕನೆಕ್ಟರ್ ಮೊದಲ ಶಂಕಿತ. ನನ್ನ ಕಾರಿನಲ್ಲಿ ಕಂಡದ್ದು ಎರಡನೆಯ ಲಕ್ಷಣ: ಹಸಿರು ದೀಪ ಎಂದಿನಂತೆ ಬರುತ್ತಿತ್ತು, ಸೆಟ್ ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಈಗ ಅಡಾಪ್ಟರ್. ಇದರ ಹೆಸರಿನಲ್ಲಿ ಸಾಮಾನ್ಯವಾಗಿ ಇಎಲ್ಎಂ327 ಎಂಬ ಪದವಿರುತ್ತದೆ. ಅದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆ ರೂಪಿಸಿದ ಚಿಪ್. ಆ ಸಂಸ್ಥೆ 2022ರಲ್ಲಿ ಬಾಗಿಲು ಮುಚ್ಚಿತು. ಮೊದಲ ಆವೃತ್ತಿಯ ಚಿಪ್‌ಗೆ ನಕಲು ತಡೆಯುವ ರಕ್ಷಣೆ ಇಲ್ಲದಿದ್ದುದರಿಂದ ಅದರ ಪ್ರತಿಗಳು ಜಗತ್ತಿನ ತುಂಬ ಹರಡಿದವು, ಇಂದು ನಮ್ಮಲ್ಲಿ ಈ ಬೆಲೆಗೆ ಸಿಗುವುದೆಲ್ಲ ಹೆಚ್ಚುಕಡಿಮೆ ಆ ನಕಲುಗಳ ವಂಶವೇ. ನಕಲು ಎಂದಮಾತ್ರಕ್ಕೆ ನಿರುಪಯೋಗಿ ಎಂದೇನಲ್ಲ, ಆದರೆ ಒಂದೇ ಬಗೆಯ ಪೆಟ್ಟಿಗೆಯಲ್ಲಿ ಬಂದ ಎರಡು ಅಡಾಪ್ಟರ್‌ಗಳ ಒಳಗೆ ಎರಡು ಬಗೆಯ ಸರ್ಕ್ಯೂಟ್ ಇರಬಹುದು. ಕೆಲವು ಎಲ್ಲ ಪ್ರೋಟೋಕಾಲ್‌ಗಳನ್ನೂ (ಕಾರಿನ ಕಂಪ್ಯೂಟರ್ ಮಾತಾಡುವ ಭಾಷೆಗಳನ್ನು) ಅರ್ಥಮಾಡಿಕೊಳ್ಳುತ್ತವೆ, ಕೆಲವು ಹೊಸ ಕಾರುಗಳೊಂದಿಗೆ ಮಾತ್ರ ಮಾತಾಡಿ ಹಳೆಯವುಗಳ ಮುಂದೆ ಮೂಕವಾಗುತ್ತವೆ. ಹಳೆಯ ಕಾರಿಗೆಂದೇ ಕೊಳ್ಳುವವರಿಗೆ ಇದು ಸಣ್ಣ ಸಂಗತಿಯಲ್ಲ.

ಕಾರಿನಲ್ಲಿ ಇದನ್ನು ಸಿಕ್ಕಿಸುವ ಜಾಗ ಚಾಲಕನ ಮೊಣಕಾಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡ್‌ನ ಕೆಳಅಂಚಿನ ಹಿಂದೆ ಇರುವ 16 ಪಿನ್ನಿನ ಸಾಕೆಟ್. ಭಾರತದಲ್ಲಿ ಬಿಎಸ್-4 ಎಂಬ ಹೊಗೆ ಮಾನದಂಡದ ವಾಹನಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿಯ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಕಡ್ಡಾಯವಾದವು. ಹಾಗಾಗಿ 2013ರ ನಂತರದ ಬಿಎಸ್-4 ಕಾರಿನಲ್ಲಿ ಅಡಾಪ್ಟರ್ ಕೆಲಸ ಮಾಡುತ್ತದೆ ಎಂದು ಧೈರ್ಯವಾಗಿ ನಿರೀಕ್ಷಿಸಬಹುದು, ಅದಕ್ಕಿಂತ ಹಿಂದಿನದಾದರೆ ಸಾಕೆಟ್ ಇದ್ದರೂ ಒಳಗಿನ ಭಾಷೆ ತಯಾರಕರ ಖಾಸಗಿ ಭಾಷೆಯಾಗಿರುವ ಸಾಧ್ಯತೆಯುಂಟು. ಆಂಡ್ರಾಯ್ಡ್ ಫೋನಿಗೆ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಸಾಕು. 1234 ಅಥವಾ 0000 ಎಂಬ ಪಿನ್ ಕೊಟ್ಟರೆ ಜೋಡಣೆಯಾಗುತ್ತದೆ. ಐಫೋನ್ ಬಳಸುವವರು ಬಿಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬ್ಲೂಟೂತ್) ಅಥವಾ ವೈಫೈ ಇರುವ ಅಡಾಪ್ಟರನ್ನೇ ಕೇಳಿ ಪಡೆಯಬೇಕು, ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಹೊಂದುವುದಿಲ್ಲ. ನನ್ನ ಕಾರಿನಲ್ಲಿ ಜೋಡಣೆ ತಕರಾರಿಲ್ಲದೆ ಆಯಿತು, ಇಗ್ನಿಷನ್ ಆನ್ ಮಾಡಿದೊಡನೆ ಎಂಜಿನ್ನಿನ ಉಷ್ಣತೆ, ಬ್ಯಾಟರಿ ವೋಲ್ಟೇಜು ಎಲ್ಲವೂ ಪರದೆಯ ಮೇಲೆ ಬಂದವು.

ಮೊದಲು ಸಾಮಾನ್ಯ ಉಚಿತ ಆ್ಯಪ್ ಒಂದರಲ್ಲಿ ಕೋಡ್‌ಗಳನ್ನು ಓದಿಸಿದೆ. ಒಂದೂ ಕೋಡ್ ಇಲ್ಲ ಎಂದು ಬಂತು. ಇಲ್ಲಿಯೇ ಬಹಳಷ್ಟು ಮಂದಿ ಅಡಾಪ್ಟರ್ ದಂಡ ಎಂದು ಬದಿಗಿಡುತ್ತಾರೆ. ಆದರೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಓಬಿಡಿಯ ಸಾರ್ವತ್ರಿಕ ಭಾಗವನ್ನು ರೂಪಿಸಿದ್ದೇ ಹೊಗೆ ನಿಯಂತ್ರಣಕ್ಕಾಗಿ, ಕ್ರೂಸ್ ನಿಂತರೆ ಹೊಗೆ ಹೆಚ್ಚುವುದಿಲ್ಲ. ಕ್ರೂಸ್‌ಗೆ ಸಂಬಂಧಿಸಿದ ಕೋಡ್‌ಗಳ ಒಂದು ಗುಂಪೇ ಇದೆ ಎಂಬುದು ನಿಜ. ಪಿ0565ರಿಂದ ಮುಂದಿನ ಸಂಖ್ಯೆಗಳು ಆನ್, ಆಫ್, ರೆಸ್ಯೂಮ್, ಸೆಟ್ ಗುಂಡಿಗಳ ಸಂಕೇತಗಳನ್ನು ಕುರಿತವು, ಪಿ0571 ಬ್ರೇಕ್ ಸ್ವಿಚ್‌ನದು, ಪಿ0504 ಬ್ರೇಕಿನ ಎರಡು ಸ್ವಿಚ್‌ಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಬರುವುದು, ಪಿ0500 ವಾಹನದ ವೇಗದ ಸೆನ್ಸರ್‌ಗೆ ಸೇರಿದ್ದು, ಪಿ0704 ಕ್ಲಚ್ ಸ್ವಿಚ್‌ನದು. ಆದರೆ ಕೋಡ್ ದಾಖಲಾಗಬೇಕಾದರೆ ಸ್ವಿಚ್‌ನಿಂದ ಬರುವ ಸುದ್ದಿ ಅಸಂಬದ್ಧವಾಗಿರಬೇಕು. ಕ್ಲಚ್ ಒತ್ತಿದೆ ಎಂಬ ಸುದ್ದಿ ತಪ್ಪಾಗಿರಬಹುದು, ಆದರೆ ಅಸಂಬದ್ಧವಲ್ಲ. ಚಾಲಕ ನಿಜವಾಗಿಯೂ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಿರಬಹುದಲ್ಲ! ಇಸಿಯು ಅದನ್ನು ದೋಷವೆಂದು ಬರೆದುಕೊಳ್ಳದೆ, ಕ್ರೂಸನ್ನು ಮಾತ್ರ ಸದ್ದಿಲ್ಲದೆ ನಿರಾಕರಿಸುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಅಡಾಪ್ಟರ್‌ನಷ್ಟೇ ಆ್ಯಪ್ ಮುಖ್ಯ. ಎಂಜಿನ್ ವೇಗ, ವಾಹನದ ವೇಗ, ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಮುಂತಾದ ಸಾರ್ವತ್ರಿಕ ಅಂಕಿಗಳನ್ನು ಮಾತ್ರ ತೋರಿಸುವ ಆ್ಯಪ್‌ಗಳಲ್ಲಿ ಬ್ರೇಕ್ ಸ್ವಿಚ್‌ನ ಸ್ಥಿತಿ ಸಿಗುವುದಿಲ್ಲ. ಕಾರಿನ ಬ್ರ್ಯಾಂಡ್ ಆಯ್ಕೆಮಾಡಿಕೊಂಡು ಆ ತಯಾರಕರ ವಿಶೇಷ ಮಾಹಿತಿಯನ್ನೂ ಕೇಳಬಲ್ಲ ಆ್ಯಪ್ ಬೇಕು. ಫೋರ್ಡ್ ಮತ್ತು ಮಾಜ್ದಾ ಕಾರುಗಳಿಗೆ ಫೋರ್‌ಸ್ಕ್ಯಾನ್ ಎಂಬುದು ಹೆಸರುವಾಸಿ, ಹಲವು ಬ್ರ್ಯಾಂಡ್‌ಗಳ ಪ್ರೊಫೈಲ್‌ಗಳನ್ನು ಒಟ್ಟಿಗೆ ಇಟ್ಟುಕೊಂಡಿರುವ ಕಾರ್ ಸ್ಕ್ಯಾನರ್‌ನಂಥವೂ ಇವೆ. ಪೂರ್ಣ ಸೌಲಭ್ಯಕ್ಕೆ ಸ್ವಲ್ಪ ಹಣ ಕೇಳುವ ಆ್ಯಪ್‌ಗಳಿಗೆ ಆ ಹಣ ಕೊಡುವುದರಲ್ಲಿ ಜಿಪುಣತನ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಅಡಾಪ್ಟರ್ ಬರಿಯ ತಂತಿ, ತಿಳಿವಳಿಕೆ ಇರುವುದು ಆ್ಯಪ್‌ನಲ್ಲಿ.

ಬ್ರ್ಯಾಂಡ್ ಪ್ರೊಫೈಲ್ ಆರಿಸಿ, ಎಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಆನ್ ಇಟ್ಟು ಲೈವ್ ಡೇಟಾದ (ಆ ಕ್ಷಣದ ಮಾಹಿತಿಯ) ಪಟ್ಟಿಯಲ್ಲಿ ನಾಲ್ಕು ಸಾಲುಗಳನ್ನು ಆರಿಸಿಕೊಂಡೆ: ಬ್ರೇಕ್ ಸ್ವಿಚ್ ಒಂದು, ಬ್ರೇಕ್ ಸ್ವಿಚ್ ಎರಡು, ಕ್ಲಚ್ ಸ್ವಿಚ್, ಕ್ರೂಸ್ ಮುಖ್ಯ ಸ್ವಿಚ್. ಬ್ರೇಕ್ ಒತ್ತಿದಾಗ ಬ್ರೇಕಿನ ಎರಡೂ ಸಾಲುಗಳು ಒಟ್ಟಿಗೆ ಬದಲಾದವು, ಬಿಟ್ಟಾಗ ಒಟ್ಟಿಗೆ ಮರಳಿದವು. ಮುಖ್ಯ ಗುಂಡಿಗೂ ಸರಿಯಾದ ಪ್ರತಿಕ್ರಿಯೆ ಬಂತು. ಕ್ಲಚ್ ಸ್ವಿಚ್‌ನ ಸಾಲು ಮಾತ್ರ ನನ್ನ ಎರಡೂ ಕಾಲು ನೆಲದ ಮೇಲಿರುವಾಗಲೇ ಆನ್ ಎಂದು ತೋರಿಸುತ್ತಿತ್ತು. ಪೆಡಲನ್ನು ಪೂರ್ತಿ ತುಳಿದರೂ, ಕೈಯಿಂದ ಮೇಲಕ್ಕೆ ಎತ್ತಿ ಹಿಡಿದರೂ ಅದು ಬದಲಾಗಲಿಲ್ಲ. ಕಾರಿನ ದೃಷ್ಟಿಯಲ್ಲಿ ನಾನು ಸದಾಕಾಲ ಕ್ಲಚ್ ತುಳಿದುಕೊಂಡೇ ಇದ್ದೆ.

ಟಾರ್ಚ್ ಹಿಡಿದು ಪೆಡಲ್‌ಗಳ ಮೇಲ್ಭಾಗವನ್ನು ನೋಡಿದಾಗ ಕಾರಣ ಕಣ್ಣಿಗೇ ಬಿತ್ತು. ಕ್ಲಚ್ ಪೆಡಲ್‌ನ ಕಬ್ಬಿಣದ ತೋಳಿಗೆ ಒಂದು ರಂಧ್ರವಿರುತ್ತದೆ, ಆ ರಂಧ್ರದಲ್ಲಿ ಗುಂಡಿಯಂತೆ ಕೂರುವ ಸಣ್ಣ ಪ್ಲಾಸ್ಟಿಕ್ ಸ್ಟಾಪರ್ ಇರುತ್ತದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ಈ ಸ್ಟಾಪರ್ ಸ್ವಿಚ್‌ನ ಮೂತಿಯನ್ನು ಒಳಕ್ಕೆ ಒತ್ತಿ ಹಿಡಿಯಬೇಕು. ವರ್ಷಗಳ ಬಿಸಿಲಿಗೆ, ಬಾಗಿಲು ಮುಚ್ಚಿದ ಕಾರಿನೊಳಗಿನ ಕಾವಿಗೆ ಆ ಪ್ಲಾಸ್ಟಿಕ್ ಪುಡಿಪುಡಿಯಾಗಿ ಉದುರಿಹೋಗಿತ್ತು. ಸ್ವಿಚ್‌ನ ಮೂತಿ ಖಾಲಿ ರಂಧ್ರದೊಳಗೆ ತೂರಿಕೊಂಡು ಆರಾಮವಾಗಿ ಹೊರಚಾಚಿಕೊಂಡಿತ್ತು. ಮ್ಯಾಟ್ ಎತ್ತಿ ನೋಡಿದಾಗ ಕಾರ್ಪೆಟ್‌ನ ಎಳೆಗಳ ನಡುವೆ ಹಳದಿಗೆ ತಿರುಗಿದ ಚೂರುಗಳು ಸಿಕ್ಕವು. ಬೆರಳಲ್ಲಿ ಹಿಚುಕಿದರೆ ಒಣಗಿದ ಸುಣ್ಣದಂತೆ ಹುಡಿಯಾಗುತ್ತಿದ್ದವು.

ಬಡಾವಣೆಯ ಆಟೋ ಎಲೆಕ್ಟ್ರಿಷಿಯನ್ ಅದನ್ನು ನೋಡಿ, "ಸರ್, ಇದು ಹಳೇ ಗಾಡಿಗಳಲ್ಲಿ ಮಾಮೂಲು. ಬ್ರೇಕಿಂದು ಉದುರಿದ್ರೆ ಹಿಂದಿನ ಕೆಂಪು ಲೈಟು ರಾತ್ರಿಯೆಲ್ಲ ಉರಿದು ಬ್ಯಾಟರಿ ಇಳಿಸುತ್ತೆ, ಹಾಗಾಗಿ ಬೇಗ ಗೊತ್ತಾಗುತ್ತೆ. ಕ್ಲಚ್‌ದು ಉದುರಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದರು. ಆ ಮಾತಿನಲ್ಲಿ ಎಷ್ಟೋ ಕಾರುಗಳ ಕಥೆ ಅಡಗಿದೆ. ಹೊಸ ಸ್ಟಾಪರ್‌ನ ಬೆಲೆ ಕೆಲವು ಹತ್ತು ರೂಪಾಯಿಗಳಷ್ಟೇ. ಅದು ಸಿಗುವವರೆಗೆ ರಂಧ್ರಕ್ಕೆ ಚಪ್ಪಟೆ ತಲೆಯ ಸಣ್ಣ ಬೋಲ್ಟ್ ಮತ್ತು ನಟ್ ಹಾಕಿ ಓಡಿಸುವ ರೂಢಿ ಗ್ಯಾರೇಜುಗಳಲ್ಲಿದೆ, ಆದರೆ ಲೋಹದ ತಲೆ ಸ್ವಿಚ್‌ನ ಪ್ಲಾಸ್ಟಿಕ್ ಮೂತಿಯನ್ನು ದಿನದಿನವೂ ಸವೆಸುತ್ತದೆ, ಆದ್ದರಿಂದ ಅದನ್ನು ಕಾಯಂ ಪರಿಹಾರವೆಂದು ನಾನು ಒಪ್ಪಲಾರೆ. ಸರಿಯಾದ ಸ್ಟಾಪರ್ ಕೂತ ಕೂಡಲೇ ಆ್ಯಪ್‌ನಲ್ಲಿ ಕ್ಲಚ್‌ನ ಸಾಲು ಆಫ್ ಆಯಿತು, ಹೆದ್ದಾರಿಯಲ್ಲಿ ಕ್ರೂಸ್ ಮೊದಲಿನಂತೆಯೇ ವೇಗವನ್ನು ಹಿಡಿದು ನಿಲ್ಲಿಸಿತು. ಕ್ಲಚ್ ಸ್ಟಾಪರ್ ಉದುರಿದ ಕಾರಿನಲ್ಲಿ ಬ್ರೇಕಿನದೂ ಅದೇ ವಯಸ್ಸಿನದಾಗಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿಕೊಳ್ಳುವುದು ಜಾಣತನ.

ಇದಕ್ಕೂ ಮುನ್ನ ಬೇರೊಂದು ಗ್ಯಾರೇಜಿನಲ್ಲಿ, ಸಾಕೆಟ್‌ಗೆ ಏನನ್ನೂ ಜೋಡಿಸದೆಯೇ, ಕ್ಲಾಕ್ ಸ್ಪ್ರಿಂಗ್ ಹೋಗಿದೆ, ಬದಲಿಸಬೇಕು, ಹಲವು ಸಾವಿರ ಆಗುತ್ತದೆ ಎಂದು ಹೇಳಿದ್ದರು. ಈ ಸಲಹೆ ಹಳೆಯ ಕಾರಿನವರಿಗೆ ಪದೇಪದೇ ಸಿಗುವಂಥದ್ದಾದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯ. ಸ್ಟೇರಿಂಗ್ ತಿರುಗಿದರೂ ಅದರ ಮೇಲಿನ ಗುಂಡಿಗಳಿಗೆ, ಹಾರ್ನ್‌ಗೆ, ಏರ್‌ಬ್ಯಾಗ್‌ಗೆ ವಿದ್ಯುತ್ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದು ಸುರುಳಿ ಸುತ್ತಿದ ಚಪ್ಪಟೆ ರಿಬ್ಬನ್ ಕೇಬಲ್. ಅದನ್ನೇ ಕ್ಲಾಕ್ ಸ್ಪ್ರಿಂಗ್ ಎನ್ನುವುದು. ಅದು ತುಂಡಾದರೆ ಸಾಮಾನ್ಯವಾಗಿ ಕ್ರೂಸ್ ಒಂದೇ ನಿಲ್ಲುವುದಿಲ್ಲ, ಹಾರ್ನ್ ಕೈಕೊಡುತ್ತದೆ, ಆಡಿಯೋ ಗುಂಡಿಗಳು ಸಾಯುತ್ತವೆ, ಏರ್‌ಬ್ಯಾಗ್ ದೀಪ ಆರದೆ ಉಳಿಯುತ್ತದೆ, ಕೆಲವೊಮ್ಮೆ ಸ್ಟೇರಿಂಗ್ ತಿರುಗಿಸುವಾಗ ಕರಕರ ಸದ್ದು ಕೇಳುತ್ತದೆ. ಇವು ಯಾವುವೂ ಇಲ್ಲದೆ ಕ್ರೂಸ್ ಮಾತ್ರ ನಿಂತಿದ್ದರೆ ಆ ಸಾವಿರಾರು ರೂಪಾಯಿಗಳನ್ನು ಖರ್ಚು ಮಾಡುವ ಮುನ್ನ ಪುರಾವೆ ಕೇಳುವ ಹಕ್ಕು ಮಾಲೀಕನಿಗಿದೆ. ಆ ಪುರಾವೆಯನ್ನು ಅಡಾಪ್ಟರ್ ಚೆನ್ನಾಗಿ ಒದಗಿಸುತ್ತದೆ: ಗುಂಡಿಗಳನ್ನು ಒಂದೊಂದಾಗಿ ಒತ್ತಿದಾಗ ಲೈವ್ ಡೇಟಾದಲ್ಲಿ ಸೆಟ್, ರೆಸ್ಯೂಮ್, ಕ್ಯಾನ್ಸಲ್ ಎಂದು ಸರಿಯಾಗಿ ಬರುತ್ತಿದ್ದರೆ ಕ್ಲಾಕ್ ಸ್ಪ್ರಿಂಗ್ ನಿರ್ದೋಷಿ. ಬಹಳ ಕಾರುಗಳಲ್ಲಿ ಈ ಗುಂಡಿಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಂಡಿದ್ದು, ಒಂದೊಂದು ಗುಂಡಿಗೂ ಬೇರೆ ಬೇರೆ ರೆಸಿಸ್ಟರ್ ಇರುತ್ತದೆ, ಬದಲಾಗುವ ವೋಲ್ಟೇಜ್ ನೋಡಿ ಯಾವ ಗುಂಡಿ ಒತ್ತಿದ್ದು ಎಂದು ಇಸಿಯು ತಿಳಿಯುತ್ತದೆ. ಬೆವರು, ಧೂಳು ಸೇರಿ ಗುಂಡಿಯ ಒಳಭಾಗ ಕಪ್ಪಿಟ್ಟರೆ ಆ ವೋಲ್ಟೇಜ್ ಸರಿದು, ಸೆಟ್ ಒತ್ತಿದ್ದು ಬೇರೆ ಗುಂಡಿಯಂತೆ ಕಾಣಿಸಬಹುದು. ಆಗ ಬೇಕಾಗುವುದು ಗುಂಡಿಗಳ ಸ್ವಚ್ಛತೆಯೇ ಹೊರತು ಕ್ಲಾಕ್ ಸ್ಪ್ರಿಂಗ್ ಅಲ್ಲ. ಸ್ಟೇರಿಂಗ್ ಬಿಚ್ಚುವ ಕೆಲಸವನ್ನು ಮಾತ್ರ ಮನೆಯಲ್ಲಿ ಯಾರೂ ಕೈಗೆತ್ತಿಕೊಳ್ಳಬಾರದು. ಅಲ್ಲಿ ಏರ್‌ಬ್ಯಾಗ್ ಇದೆ, ಬ್ಯಾಟರಿ ತೆಗೆದು ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಅದನ್ನು ಮುಟ್ಟುವುದಾಗಲಿ, ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ಚುಚ್ಚುವುದಾಗಲಿ ಪ್ರಾಣಾಪಾಯಕ್ಕೆ ದಾರಿ.

ಅಡಾಪ್ಟರ್‌ನ ಜೊತೆ ಮಲ್ಟಿಮೀಟರ್ ಬೇಕೇಬೇಕು ಎಂದು ಮೊದಲು ಹೇಳಿದ್ದಕ್ಕೆ ಬ್ರೇಕ್ ಸ್ವಿಚ್ ಒಳ್ಳೆಯ ಉದಾಹರಣೆ. ಬ್ರೇಕ್ ಲೈಟ್ ಉರಿಯುತ್ತದೆ, ಆದ್ದರಿಂದ ಸ್ವಿಚ್ ಸರಿಯಿದೆ ಎಂಬ ತೀರ್ಮಾನವನ್ನು ನಾನು ಅನುಭವಿ ಮೆಕ್ಯಾನಿಕ್‌ಗಳ ಬಾಯಲ್ಲೂ ಕೇಳಿದ್ದೇನೆ. ಅನೇಕ ಕಾರುಗಳ ಬ್ರೇಕ್ ಸ್ವಿಚ್ ಒಂದೇ ಕವಚದೊಳಗಿನ ಎರಡು ಸ್ವಿಚ್. ಪೆಡಲ್ ಒತ್ತಿದಾಗ ಒಂದು ಜೋಡಿ ಕೂಡಿಕೊಂಡು ದೀಪ ಹೊತ್ತಿಸುತ್ತದೆ, ಇನ್ನೊಂದು ಜೋಡಿ ಬಿಟ್ಟುಕೊಂಡು ಇಸಿಯುಗೆ ಸುದ್ದಿ ಕೊಡುತ್ತದೆ. ದೀಪದ ಜೋಡಿ ಗಟ್ಟಿಮುಟ್ಟಾಗಿದ್ದು ಎರಡನೆಯ ಜೋಡಿ ಸವೆದಿದ್ದರೆ ಹಿಂದೆ ನಿಂತವರಿಗೆ ಕೆಂಪು ದೀಪ ಕಾಣುತ್ತದೆ, ಕ್ರೂಸ್ ಮಾತ್ರ ಏಳುವುದಿಲ್ಲ. ಅಡಾಪ್ಟರ್ ಇಲ್ಲಿ ಎರಡು ಸಾಲುಗಳ ನಡುವಿನ ವ್ಯತ್ಯಾಸವನ್ನು ತೋರಿಸುತ್ತದೆ, ಆದರೆ ತಪ್ಪು ಸ್ವಿಚ್‌ನದೋ ಅದರಿಂದ ಇಸಿಯುವರೆಗೆ ಹೋಗುವ ತಂತಿಯದೋ ಎಂದು ಹೇಳಲಾರದು. ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನು ಕಂಟಿನ್ಯೂಯಿಟಿಗೆ (ಸಂಪರ್ಕ ಇದೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು, ಪೆಡಲ್ ಒತ್ತಿ ಬಿಟ್ಟು ಎರಡೂ ಜೋಡಿಗಳನ್ನು ನೋಡಿದರೆ ಆ ಅನುಮಾನವೂ ಪರಿಹಾರವಾಗುತ್ತದೆ. ಸ್ವಿಚ್ ಸರಿಯಿದ್ದರೆ ಮುಂದೆ ತಂತಿ ಹಿಡಿದುಕೊಂಡು ಹೋಗಬೇಕು, ನಮ್ಮ ಕಡೆ ಆ ದಾರಿಯಲ್ಲಿ ಬಹಳ ಸಲ ಸಿಗುವುದು ಇಲಿ ಕಡಿದ ವೈರು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಮೊದಲು ಬಾನೆಟ್ ಎತ್ತಿ ನೋಡುವುದೇ ಮೇಲು. ಬ್ರೇಕ್ ಲೈಟಿನ ಫ್ಯೂಸ್ ಸುಟ್ಟಿದ್ದರೂ ಹಲವು ಕಾರುಗಳಲ್ಲಿ ಕ್ರೂಸ್ ಏಳುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಚಕ್ರಗಳ ವೇಗದ ಸೆನ್ಸರ್‌ಗಳ ವಿಷಯದಲ್ಲಿ ಅಡಾಪ್ಟರ್‌ನ ಮಿತಿ ಸ್ಪಷ್ಟವಾಗಿ ಕಾಣಿಸುತ್ತದೆ. ಎಬಿಎಸ್ ದೀಪ ಉರಿಯುತ್ತಿದ್ದರೆ ದೋಷದ ದಾಖಲೆ ಇರುವುದು ಎಬಿಎಸ್‌ನ ಸ್ವಂತ ಕಂಪ್ಯೂಟರ್‌ನಲ್ಲಿ, ಎಂಜಿನ್ನಿನ ಇಸಿಯುವಿನಲ್ಲಲ್ಲ. ಸಾಮಾನ್ಯ ಆ್ಯಪ್ ಎಂಜಿನ್ನನ್ನು ಮಾತ್ರ ಮಾತಾಡಿಸುತ್ತದೆ. ಒಳ್ಳೆಯ ಆ್ಯಪ್‌ಗಳು ಕೆಲವು ಬ್ರ್ಯಾಂಡ್‌ಗಳಲ್ಲಿ ಎಬಿಎಸ್‌ವರೆಗೂ ತಲುಪುತ್ತವೆ, ಆದರೆ ಅಗ್ಗದ ನಕಲು ಚಿಪ್ ಉದ್ದನೆಯ ಉತ್ತರಗಳನ್ನು ಅರ್ಧಕ್ಕೇ ಕೈಬಿಡುವುದರಿಂದ ಅಲ್ಲಿ ಭರವಸೆ ಕಡಿಮೆ. ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ನೋಡಿ, ಯಾವುದು ತಡವರಿಸುತ್ತಿದೆ ಎಂದು ಗುರುತಿಸಬೇಕಾದರೆ ಮಾಹಿತಿ ಬೇಗಬೇಗ ಬರಬೇಕು. ಈ ಅಡಾಪ್ಟರ್‌ನಲ್ಲಿ ನಾಲ್ಕೈದು ಸಾಲುಗಳನ್ನು ಒಟ್ಟಿಗೆ ಆರಿಸಿದೊಡನೆ ಪರದೆ ನಿಧಾನವಾಗುತ್ತದೆ. ಅಂತಹ ಕೆಲಸಕ್ಕೆ ಎಲ್ಲ ಕಂಪ್ಯೂಟರ್‌ಗಳನ್ನೂ ಓದುವ ದೊಡ್ಡ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಸ್ಕ್ಯಾನಿಂಗ್ ಶುಲ್ಕ ಕೊಟ್ಟು ತೋರಿಸುವುದೇ ಸರಿ. ಇನ್ನು ಓಡುವ ಕಾರಿನಲ್ಲಿ ಅಂಕಿ ನೋಡುವ ಕೆಲಸವನ್ನು ಚಾಲಕ ಮಾಡಲೇಕೂಡದು, ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಡಬೇಕು.

ವಿದೇಶದಲ್ಲಿರುವ ಕನ್ನಡಿಗರು, ಅದರಲ್ಲೂ ಅಮೆರಿಕದಲ್ಲಿ ಹಳೆಯ ಪಿಕಪ್ ಅಥವಾ ವ್ಯಾನ್ ಇಟ್ಟುಕೊಂಡವರು, ಈ ಅಡಾಪ್ಟರ್ ಕೊಳ್ಳುವ ಮೊದಲು ತಮ್ಮ ವಾಹನದ ಕಾಲವನ್ನು ನೋಡಿಕೊಳ್ಳಬೇಕು. ಅಲ್ಲಿ ಓಬಿಡಿಯ ಎರಡನೆಯ ಹಂತ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಅದಕ್ಕೂ ಹಿಂದಿನ ಎಷ್ಟೋ ವಾಹನಗಳಲ್ಲಿ ಕ್ರೂಸ್ ನಡೆಯುವುದು ನಿರ್ವಾತದ ಬಲದಿಂದ: ಎಂಜಿನ್ನಿನಿಂದ ಬರುವ ರಬ್ಬರ್ ನಳಿಕೆ, ಹಿಂದಕ್ಕೆ ಗಾಳಿ ನುಗ್ಗದಂತೆ ತಡೆಯುವ ಕವಾಟ, ಥ್ರಾಟಲ್ ಕೇಬಲನ್ನು ಎಳೆಯುವ ಡಯಾಫ್ರಾಮ್ ಎಂಬ ರಬ್ಬರ್ ಪೊರೆ. ಹಳೆಯ ರಬ್ಬರ್ ಬಿರುಕುಬಿಟ್ಟು ಗಾಳಿ ಸೋರಿದರೆ ಏರು ಹತ್ತುವಾಗ ವೇಗ ಕುಸಿಯುತ್ತದೆ ಅಥವಾ ಕ್ರೂಸ್ ಹಿಡಿಯುವುದೇ ಇಲ್ಲ. ಅಲ್ಲಿ ಬೇಕಾದದ್ದು ಕೈಪಂಪು ಮತ್ತು ಕಣ್ಣು, ಅಡಾಪ್ಟರ್ ಅಲ್ಲ. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಫೋರ್ಡ್ ಸಂಸ್ಥೆಯ ಅಂದಿನ ಹಲವು ಮಾದರಿಗಳಲ್ಲಿ ಕ್ರೂಸನ್ನು ರದ್ದುಮಾಡುವ ಒತ್ತಡದ ಸ್ವಿಚ್ ಒಳಗಿನ ಪೊರೆ ಸವೆದು ಬ್ರೇಕ್ ದ್ರವ ಒಳಸೋರಿ, ವಾಹನ ನಿಂತಿದ್ದಾಗಲೂ ಬೆಂಕಿ ಹೊತ್ತುವ ಅಪಾಯವಿತ್ತು. 1999ರಿಂದ 2009ರವರೆಗೆ ಹಂತಹಂತವಾಗಿ ಒಟ್ಟು 1 ಕೋಟಿ 40 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಇದಕ್ಕಾಗಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅಂತಹ ವಾಹನದಲ್ಲಿ ಕ್ರೂಸ್ ತಾನಾಗಿ ನಿಂತಿದ್ದರೆ, ಅಥವಾ ಅದರ ಫ್ಯೂಸ್ ಪದೇಪದೇ ಹೋಗುತ್ತಿದ್ದರೆ, ಫ್ಯೂಸ್ ಬದಲಿಸಿ ಮುಂದುವರಿಯದೆ ಮೊದಲು ಚಾಸಿಸ್ ಸಂಖ್ಯೆ ಕೊಟ್ಟು ಆ ರಿಪೇರಿ ಆಗಿದೆಯೇ ಎಂದು ವಿಚಾರಿಸಬೇಕು.

ಅಡಾಪ್ಟರ್‌ನ ಬಳಕೆಯಲ್ಲಿ ನನಗೆ ಕಂಡ ಇತರ ಕೊರತೆಗಳಲ್ಲಿ ಮುಖ್ಯವಾದದ್ದು ಅದು ನಿದ್ರಿಸದಿರುವುದು. ಸಾಕೆಟ್‌ನ 16ನೆಯ ಪಿನ್‌ಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ, ಕೀಲಿ ತೆಗೆದರೂ ಅಡಾಪ್ಟರ್‌ನ ದೀಪ ಆರುವುದಿಲ್ಲ. ಆಗಾಗ ಓಡಿಸುವ ಕಾರಿಗೆ ಇದರಿಂದ ತೊಂದರೆಯಿಲ್ಲ, ದಿನಗಟ್ಟಲೆ ನಿಲ್ಲುವ ಹಳೆಯ ಬ್ಯಾಟರಿಯ ಕಾರಿನಲ್ಲಿ ಕೆಲಸ ಮುಗಿದೊಡನೆ ಕಿತ್ತಿಡಬೇಕು. ಎರಡನೆಯದು, ಕೋಡ್ ಅಳಿಸುವ ಗುಂಡಿ ತೀರಾ ಸುಲಭವಾಗಿ ಕೈಗೆ ಸಿಗುತ್ತದೆ. ಕೋಡ್‌ನ ಜೊತೆಯಲ್ಲೇ ದೋಷ ಬಂದ ಕ್ಷಣದ ವೇಗ, ಉಷ್ಣತೆ ಮುಂತಾದ ದಾಖಲೆಯೂ ಅಳಿದುಹೋಗುವುದರಿಂದ ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳದೆ ಅದನ್ನು ಒತ್ತಬಾರದು, ಮುಂದೆ ನೋಡುವ ಮೆಕ್ಯಾನಿಕ್‌ಗೆ ಆ ವಿವರವೇ ಆಧಾರ. ಪ್ಲಾಸ್ಟಿಕ್ ಕವಚದ ಗುಣಮಟ್ಟ ಸಾಧಾರಣ, ಎಳೆಯುವಾಗ ಮೇಲಿನ ಅರ್ಧ ಕೈಗೆ ಬರುವ ಭಯವಿರುವುದರಿಂದ ಬದಿಗಳನ್ನು ಹಿಡಿದು ನೇರವಾಗಿ ತೆಗೆಯಬೇಕು.

ಕೊಳ್ಳಬೇಕೆಂದು ನಿರ್ಧರಿಸಿದವರು ಹಿಂದಿರುಗಿಸಲು ಅವಕಾಶವಿರುವ ಮಾರಾಟಗಾರರಿಂದಲೇ ತರಿಸಿಕೊಂಡು, ಬಂದ ದಿನವೇ ಕಾರಿಗೆ ಹಾಕಿ ನೋಡಬೇಕು. ತಮ್ಮ ಕಾರಿನೊಂದಿಗೆ ಸಂಪರ್ಕ ಸಿಗುತ್ತದೆಯೇ, ಬ್ರ್ಯಾಂಡ್ ಪ್ರೊಫೈಲ್‌ನಲ್ಲಿ ಬ್ರೇಕ್ ಮತ್ತು ಕ್ಲಚ್ ಸ್ವಿಚ್‌ಗಳ ಸಾಲು ಬರುತ್ತದೆಯೇ, ಪೆಡಲ್ ಒತ್ತಿದಾಗ ಅದು ತಡವಿಲ್ಲದೆ ಬದಲಾಗುತ್ತದೆಯೇ ಎಂಬಷ್ಟನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಕಾಗದು. ಕ್ರೂಸ್ ಸರಿಯಾಗಿರುವಾಗಲೇ ಈ ಸಾಲುಗಳು ಹೇಗಿರುತ್ತವೆ ಎಂದು ಒಮ್ಮೆ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಕೆಲವು ಕಾರುಗಳಲ್ಲಿ ಪೆಡಲ್ ಬಿಟ್ಟಾಗ ಆನ್ ಎಂದೇ ತೋರಿಸುವುದು ಸರಿಯಾದ ಸ್ಥಿತಿ. ಸಂಪರ್ಕ ಸಿಕ್ಕಿಯೂ ಸ್ವಿಚ್‌ಗಳ ಸಾಲು ಬಾರದಿದ್ದರೆ ಮೊದಲು ಆ್ಯಪ್ ಬದಲಿಸಿ ನೋಡಬೇಕು, ಸಂಪರ್ಕವೇ ಸಿಗದಿದ್ದರೆ ಅಡಾಪ್ಟರನ್ನು ಹಿಂದಿರುಗಿಸಬೇಕು.